ಜಂಪ್‌ಸೀಟ್‌ನಲ್ಲಿ ಕೂರುವ ಮುನ್ನ: ನಮ್ಮ ಸೀಮೆಯ ಹೊಸ ಪೈಲಟ್‌ಗಳಿಗೆ ಒಂದು ಮಾರ್ಗದರ್ಶಿ

ವಿಮಾನದ ಸೀಟುಗಳೆಲ್ಲ ತುಂಬಿದಾಗ, ಡ್ಯೂಟಿಗೋ ಊರಿಗೋ ಹೊರಟ ಪೈಲಟ್‌ಗೆ ಉಳಿಯುವ ಕೊನೆಯ ಜಾಗ ಕಾಕ್‌ಪಿಟ್‌ನೊಳಗಿನ ಮಡಚುವ ಕುರ್ಚಿ. ವಿಮಾನ ನಡೆಸುವ ಇಬ್ಬರ ಬೆನ್ನ ಹಿಂದಿರುವ ಇದಕ್ಕೆ ಜಂಪ್‌ಸೀಟ್ ಎನ್ನುತ್ತಾರೆ. ಡಿಜಿಸಿಎ (ನಾಗರಿಕ ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ) ಇನ್‌ಸ್ಪೆಕ್ಟರ್‌ಗಳು, ಪರೀಕ್ಷಕ ಪೈಲಟ್‌ಗಳು, ತರಬೇತಿಯ ಭಾಗವಾಗಿ ವೀಕ್ಷಣೆಗೆ ಬರುವ ಹೊಸಬರು ಕೂರುವುದೂ ಇಲ್ಲಿಯೇ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಈಗಿನ ಟರ್ಮಿನಲ್ 2017ರದು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೂ ಸೇರಿತು. ಬಾಗಲಕೋಟೆಯ, ವಿಜಯಪುರದ, ಗೋಕಾಕ, ಜಮಖಂಡಿ ಕಡೆಯ ಮಕ್ಕಳು ಲೈಸೆನ್ಸ್ ಪಡೆದು ವಿಮಾನ ಸಂಸ್ಥೆಗಳಿಗೆ ಸೇರುವುದು ಈಗ ಊರೆಲ್ಲ ಸುದ್ದಿಯಾಗುವ ಸಂಗತಿಯೇನಲ್ಲ. ಅವರ ಕೆಲಸದ ನೆಲೆ ಬೆಂಗಳೂರು, ಹೈದರಾಬಾದ್ ಅಥವಾ ದೆಹಲಿ. ಮನೆ ಮಾತ್ರ ಇಲ್ಲಿ. ಹಾಗಾಗಿ ಜಂಪ್‌ಸೀಟ್ ಅವರಿಗೆ ಇಂದಲ್ಲ ನಾಳೆ ಬೇಕಾಗುತ್ತದೆ. ಹಾರಾಟದ ಪಾಠಗಳಲ್ಲಿ ಗಾಳಿ, ಮೋಡ, ಎಂಜಿನ್, ಕಾನೂನು ಎಲ್ಲವೂ ಇರುತ್ತವೆ. ಈ ಕುರ್ಚಿಯಲ್ಲಿ ಹೇಗೆ ಕೂರಬೇಕೆಂಬುದು ಮಾತ್ರ ಹಿರಿಯರಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ಸಾಗುತ್ತದೆ, ಅದೂ ಸಿಕ್ಕವರಿಗಷ್ಟೇ.

ನಾನು ಹೇಳಬೇಕೆಂದಿರುವುದು ಒಂದೇ. ಕಾಕ್‌ಪಿಟ್‌ನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಇಬ್ಬರ ಗಮನ. ಹಿಂದೆ ಕುಳಿತವರು ಅದರಲ್ಲಿ ಪಾಲು ಕೇಳಬಾರದು. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಮೊದಲ ಹೆಜ್ಜೆ: ಮನೆ ಬಿಡುವ ಮುಂಚೆ

ಕಾಕ್‌ಪಿಟ್‌ಗೆ ಯಾರು ಬರಬಹುದು ಎಂಬುದನ್ನು ಡಿಜಿಸಿಎ ನಿಯಮಗಳೂ ಆಯಾ ಸಂಸ್ಥೆಯ ಆಪರೇಷನ್ಸ್ ಮ್ಯಾನ್ಯುಯಲ್ (ಹಾರಾಟದ ನಿಯಮಪುಸ್ತಕ) ಕೂಡ ನಿಗದಿ ಮಾಡುತ್ತವೆ. ನಿಮ್ಮ ಸಂಸ್ಥೆಯ ಮ್ಯಾನ್ಯುಯಲ್‌ನಲ್ಲಿ ಆ ಪುಟವನ್ನು ನೀವೇ ಓದಿಕೊಳ್ಳಿ. ಗೆಳೆಯ ಹೇಳಿದ್ದನ್ನು ನಂಬಿ ಹೊರಡಬೇಡಿ. ಇದು ಬರೀ ಶಿಷ್ಟಾಚಾರದ ಮಾತಲ್ಲ. 2023ರ ಫೆಬ್ರುವರಿಯಲ್ಲಿ ದುಬೈನಿಂದ ದೆಹಲಿಗೆ ಬರುತ್ತಿದ್ದ ವಿಮಾನದಲ್ಲಿ ಕ್ಯಾಪ್ಟನ್ ತಮ್ಮ ಪರಿಚಿತರೊಬ್ಬರನ್ನು ನಿಯಮ ಮೀರಿ ಕಾಕ್‌ಪಿಟ್‌ಗೆ ಕರೆಸಿಕೊಂಡರು. ಡಿಜಿಸಿಎ ಆ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಕ್ಯಾಪ್ಟನ್‌ರ ಲೈಸೆನ್ಸನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟಿತು, ತಡೆಯದೆ ಸುಮ್ಮನಿದ್ದ ಸಹಪೈಲಟ್‌ಗೂ ಎಚ್ಚರಿಕೆ ನೀಡಿತು. ಆದ್ದರಿಂದ ನಿಮ್ಮ ತಮ್ಮ, ನಿಮ್ಮ ಗೆಳತಿ, ನಿಮ್ಮ ಊರಿನ ಮುಖಂಡರು ಯಾರೇ ‘ಒಮ್ಮೆ ಒಳಗೆ ನೋಡಬಹುದೇ’ ಎಂದರೂ ಅದಕ್ಕೆ ನೀವು ಮಧ್ಯಸ್ಥಿಕೆ ವಹಿಸಬೇಡಿ.

ಸಂಸ್ಥೆಯ ಗುರುತಿನ ಚೀಟಿ, ವಿಮಾನ ನಿಲ್ದಾಣ ಪ್ರವೇಶ ಪಾಸ್, ಲೈಸೆನ್ಸ್, ವೈದ್ಯಕೀಯ ಪ್ರಮಾಣಪತ್ರ ಇವೆಲ್ಲ ಒಂದೇ ಜೇಬಿನಲ್ಲಿ, ಕೇಳಿದ ಕೂಡಲೇ ಕೈಗೆ ಬರುವಂತಿರಲಿ. ಸಮವಸ್ತ್ರ ಇಲ್ಲದಿದ್ದರೆ ಕಾಲರ್ ಇರುವ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟ್, ಪಾದ ಮುಚ್ಚುವ ಶೂ. ಅತ್ತರು, ಘಾಟು ಸೆಂಟು ಬೇಡ. ಆ ಕೋಣೆಯ ಅಗಲ ಎಷ್ಟೆಂದು ಒಮ್ಮೆ ಕುಳಿತವರಿಗೆ ಗೊತ್ತು. ಒಬ್ಬರ ಮೈಯ ವಾಸನೆ ಇನ್ನಿಬ್ಬರಿಗೆ ಇಡೀ ದಾರಿಯ ಜೊತೆ.

ಮದ್ಯದ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಕರ್ತವ್ಯಕ್ಕೆ ಹೊರಡುವ ಪೈಲಟ್ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ. ಜಂಪ್‌ಸೀಟ್‌ನಲ್ಲಿ ಬರುವವರೂ ಅದೇ ಗಡಿಯನ್ನು ಪಾಲಿಸಬೇಕು. ಮದುವೆ ಮನೆಯಿಂದ ನೇರವಾಗಿ ಬಂದು, ‘ನಾನೇನು ಹಾರಿಸುವುದಿಲ್ಲವಲ್ಲ’ ಎನ್ನುವ ವಾದಕ್ಕೆ ಅಲ್ಲಿ ಜಾಗವಿಲ್ಲ.

ನಿದ್ದೆಯ ವಿಷಯವೂ ಅಷ್ಟೇ ಗಂಭೀರ. 2023ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಎಂಬ್ರೇರ್ 175 ವಿಮಾನದ ಜಂಪ್‌ಸೀಟ್‌ನಲ್ಲಿ ಕುಳಿತಿದ್ದ, ಕರ್ತವ್ಯದಲ್ಲಿಲ್ಲದ ಪೈಲಟ್ ಒಬ್ಬರು ಹಾರಾಟದ ನಡುವೆ ಎಂಜಿನ್ ಬೆಂಕಿ ನಂದಿಸುವ ಕೆಂಪು ಹಿಡಿಕೆಗಳನ್ನು ಎಳೆಯಲು ಕೈಹಾಕಿದರು. ಹಿಡಿಕೆ ಪೂರ್ತಿ ಎಳೆದಿದ್ದರೆ ಎಂಜಿನ್‌ಗಳಿಗೆ ಇಂಧನವೇ ನಿಲ್ಲುತ್ತಿತ್ತು. ಕರ್ತವ್ಯದಲ್ಲಿದ್ದ ಇಬ್ಬರೂ ಅವರ ಕೈ ಹಿಡಿದು ತಡೆದು, ಕಾಕ್‌ಪಿಟ್‌ನಿಂದ ಹೊರಗೆ ಕಳಿಸಿ, ವಿಮಾನವನ್ನು ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಸಿದರು. ಎಲ್ಲರೂ ಉಳಿದರು. ಹಿಡಿಕೆಗೆ ಕೈಹಾಕುವ ಸ್ವಲ್ಪ ಹೊತ್ತು ಮುಂಚೆ ಆ ಅತಿಥಿ ಪೈಲಟ್ ಸಹಜವಾಗಿಯೇ ಹರಟುತ್ತಿದ್ದರು. ದಿನಗಟ್ಟಲೆ ನಿದ್ದೆ ಇರಲಿಲ್ಲವೆಂದೂ ಅಮಲಿನ ಅಣಬೆ ತಿಂದಿದ್ದೆನೆಂದೂ ಆಮೇಲೆ ಅವರೇ ಪೊಲೀಸರಿಗೆ ಹೇಳಿದರು. ಮನಸ್ಸು ಕುಸಿದಿದ್ದಾಗ, ಮನೆಯಲ್ಲಿ ಸಾವು ನೋವು ಆಗಿದ್ದಾಗ, ಎರಡು ರಾತ್ರಿ ಕಣ್ಣು ಮುಚ್ಚಿಲ್ಲದಿದ್ದಾಗ ಈ ಕುರ್ಚಿಯನ್ನು ಕೇಳಬೇಡಿ. ಕ್ಯಾಬಿನ್‌ನಲ್ಲಿ ಸೀಟು ಸಿಕ್ಕರೆ ಹೋಗಿ, ಇಲ್ಲದಿದ್ದರೆ ನಾಳೆ ಹೋಗಿ.

ಇನ್ನೊಂದು ದಾರಿ ಯಾವಾಗಲೂ ಕೈಯಲ್ಲಿರಲಿ. ಬೆಳಗಾವಿಯಿಂದ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಬಾಗಲಕೋಟೆ ಮತ್ತು ವಿಜಯಪುರದವರಿಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಇದೆ, ರಸ್ತೆಯಲ್ಲಿ ಹುಬ್ಬಳ್ಳಿಗೆ ಹೋದರೆ ಅಲ್ಲಿಂದ ಬೇರೆ ವಿಮಾನಗಳಿವೆ. ಬೇರೆ ದಾರಿ ಇದ್ದವರು ಮಾತ್ರ ಕ್ಯಾಪ್ಟನ್ ‘ಇಲ್ಲ’ ಎಂದಾಗ ನಿಜವಾದ ನಗುವಿನಿಂದ ಹಿಂದಿರುಗಬಲ್ಲರು.

ಎರಡನೆಯ ಹೆಜ್ಜೆ: ಕೇಳುವುದು

ಕೇಳುವ ಸಮಯ ಮಾತಿಗಿಂತ ಮುಖ್ಯ. ಸಣ್ಣ ವಿಮಾನ ಸಾಂಬ್ರಾದಲ್ಲಿ ಇಳಿದು ಮತ್ತೆ ಹೊರಡುವ ನಡುವಿನ ಹೊತ್ತು ತೀರ ಕಡಿಮೆ. ಅಷ್ಟರಲ್ಲಿ ಇಂಧನ, ಲೋಡ್ ಶೀಟ್ (ಜನರ, ಸಾಮಾನಿನ ತೂಕದ ಪಟ್ಟಿ), ಹವಾಮಾನ, ಮಾರ್ಗದ ಮಾಹಿತಿ ತುಂಬುವುದು, ಬ್ರೀಫಿಂಗ್ ಎಲ್ಲ ನಡೆಯಬೇಕು. ಮೊದಲು ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥರಿಗೆ ನಮಸ್ಕಾರ ಹೇಳಿ, ನೀವು ಯಾರೆಂದು ತಿಳಿಸಿ, ‘ಕ್ಯಾಪ್ಟನ್ ಬಿಡುವಾಗಿದ್ದಾಗ ಹೇಳಿ’ ಎಂದು ಕೇಳಿಕೊಳ್ಳಿ. ಒಳಗೆ ಹೋದಾಗ ಅವರು ಚೆಕ್‌ಲಿಸ್ಟ್ ಓದುತ್ತಿದ್ದರೆ, ಎಟಿಸಿಯಿಂದ (ನೆಲದ ವಿಮಾನ ಸಂಚಾರ ನಿಯಂತ್ರಕರಿಂದ) ಅನುಮತಿ ಬರೆದುಕೊಳ್ಳುತ್ತಿದ್ದರೆ, ಬಾಗಿಲ ಬಳಿ ನಿಂತು ಕಾಯಿರಿ. ಕೆಮ್ಮಬೇಡಿ, ಬಾಗಿಲು ತಟ್ಟಬೇಡಿ. ನೀವು ನಿಂತಿರುವುದು ಅವರಿಗೆ ಗೊತ್ತಾಗಿರುತ್ತದೆ. ಅವರೇ ತಿರುಗಿ ನೋಡಲಿ.

ಆಮೇಲೆ ಇಷ್ಟು ಹೇಳಿದರೆ ಸಾಕು: ‘ನಮಸ್ಕಾರ ಸರ್. ನಾನು ಇಂಥವರು, ನಮ್ಮ ಸಂಸ್ಥೆಯಲ್ಲೇ ಫಸ್ಟ್ ಆಫೀಸರ್, ಬೆಂಗಳೂರು ನೆಲೆ. ಹಿಂದೆ ಸೀಟುಗಳು ತುಂಬಿವೆ. ತಾವು ಒಪ್ಪಿದರೆ ಜಂಪ್‌ಸೀಟ್‌ನಲ್ಲಿ ಬರುತ್ತೇನೆ. ಆಗದಿದ್ದರೂ ತೊಂದರೆಯಿಲ್ಲ.’ ಇದನ್ನು ಹೇಳುತ್ತಲೇ ಗುರುತಿನ ಚೀಟಿ ಮುಂದಿಡಿ. ಅವರು ಕೇಳುವಂತೆ ಮಾಡಬೇಡಿ. ನಂತರ ಫಸ್ಟ್ ಆಫೀಸರ್ (ಸಹಪೈಲಟ್) ಕಡೆಗೂ ತಿರುಗಿ ಅದೇ ಗೌರವದಿಂದ ಹೆಸರು ಹೇಳಿ.

‘ನನ್ನ ಡ್ಯೂಟಿ ತಪ್ಪಿಹೋಗುತ್ತದೆ ಸರ್’, ‘ಮನೆಯಲ್ಲಿ ಕಾಯುತ್ತಿದ್ದಾರೆ ಸರ್’ ಎಂದು ಸೇರಿಸಬೇಡಿ. ಅದು ನಿಜವಿರಬಹುದು. ಆದರೆ ಹೊರಡುವ ಹತ್ತು ನಿಮಿಷ ಮುಂಚೆ ನಿಮ್ಮ ಕಷ್ಟವನ್ನು ಕ್ಯಾಪ್ಟನ್‌ರ ತಲೆಗೆ ಏರಿಸಿದಂತಾಗುತ್ತದೆ, ‘ಇಲ್ಲ’ ಎನ್ನುವ ಅವರ ಸ್ವಾತಂತ್ರ್ಯವನ್ನು ಕಿತ್ತುಕೊಂಡಂತಾಗುತ್ತದೆ. ನಿರಾಕರಣೆಗೆ ಕಾರಣಗಳು ಹಲವು: ತೂಕದ ಮಿತಿ, ಇನ್‌ಸ್ಪೆಕ್ಟರ್ ಬರುವ ಸೂಚನೆ, ಹೊಸ ಸಹಪೈಲಟ್‌ನ ತರಬೇತಿ, ಮಳೆಗಾಲದ ಕೆಳಮೋಡ. ಕೆಲವೊಮ್ಮೆ ಆ ದಿನ ಮೂರನೆಯವರು ಬೇಡವೆನಿಸುವುದೇ ಕಾರಣ. ಕೊನೆಯ ಅಧಿಕಾರ ಕ್ಯಾಪ್ಟನ್‌ರದು. ಕಾರಣ ಕೇಳದೆ ಧನ್ಯವಾದ ಹೇಳಿ ಹೊರಗೆ ಬನ್ನಿ. ಹೊರಗೆ ಬಂದು ಇನ್ನೊಬ್ಬರ ಮುಂದೆ ಅದನ್ನು ಆಡಿಕೊಳ್ಳಲೂ ಬೇಡಿ.

ಒಪ್ಪಿದರೆ, ನೀವು ಲೋಡ್ ಶೀಟ್‌ನ ಲೆಕ್ಕಕ್ಕೆ ಸೇರಿದಿರೇ ಎಂದು ನೆಲದ ಸಿಬ್ಬಂದಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ವಿಮಾನದಲ್ಲಿ ಎಷ್ಟು ಜನರಿದ್ದಾರೆ ಎಂಬ ಲೆಕ್ಕ ಅಪಘಾತವಾದರೆ ಹುಡುಕುವವರಿಗೆ ಬೇಕಾಗುವ ಮೊದಲ ಸಂಖ್ಯೆ.

ಮೂರನೆಯ ಹೆಜ್ಜೆ: ಒಳಗೆ ಕೂರುವುದು

ಬ್ಯಾಗನ್ನು ಕ್ಯಾಬಿನ್‌ನ ಮೇಲಿನ ಕಪಾಟಿನಲ್ಲಿಟ್ಟು ಬನ್ನಿ. ಎಟಿಆರ್‌ನಂಥ ಸಣ್ಣ ಪ್ರೊಪೆಲ್ಲರ್ ವಿಮಾನದಲ್ಲಿ ಜಂಪ್‌ಸೀಟ್ ಬಿಚ್ಚಿದರೆ ಪೈಲಟ್‌ಗಳು ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ; ಅಲ್ಲಿ ನಿಮ್ಮ ಕಾಲಿಗೇ ಜಾಗ ಸಾಲದು. ಅವರು ಶೌಚಕ್ಕೆ ಹೋಗಬೇಕೆಂದರೆ ನೀವು ಎದ್ದು ಕುರ್ಚಿ ಮಡಚಬೇಕು. ಹಾಗೆ ಎದ್ದಾಗ ಖಾಲಿಯಾದ ಪೈಲಟ್ ಸೀಟಿನ ಕಡೆ ಒರಗಬೇಡಿ, ಅದರ ಬೆನ್ನನ್ನು ಹಿಡಿದು ನಿಲ್ಲಬೇಡಿ. ಸೀಟಿನಲ್ಲಿ ಕೂರುವುದಂತೂ ಕನಸಿನಲ್ಲೂ ಬೇಡ. 1994ರ ಮಾರ್ಚ್ 23ರಂದು ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟ ಏರ್‌ಬಸ್ ಎ310 ವಿಮಾನದಲ್ಲಿ ಪೈಲಟ್ ತಮ್ಮ ಮಕ್ಕಳನ್ನು ತಮ್ಮ ಸೀಟಿನಲ್ಲಿ ಕೂರಿಸಿದರು. ಮಗನ ಕೈಯ ಒತ್ತಡಕ್ಕೆ ಆಟೊಪೈಲಟ್‌ನ ಒಂದು ಭಾಗ ಸದ್ದಿಲ್ಲದೆ ಕಳಚಿಕೊಂಡಿತು. 75 ಜನರೂ ಸತ್ತರು.

ಕುಳಿತ ಮೇಲೆ ಬ್ರೀಫಿಂಗ್ ಕೇಳಿ ಪಡೆಯಿರಿ. ಅದೇ ಮಾದರಿಯ ವಿಮಾನವನ್ನು ನೀವೇ ಹಾರಿಸುತ್ತಿದ್ದರೂ ಸರಿ. ಜಂಪ್‌ಸೀಟ್‌ನ ಆಮ್ಲಜನಕ ಮುಖವಾಡ ಎಲ್ಲಿದೆ, ಅದನ್ನು ಒಂದೇ ಕೈಯಲ್ಲಿ ಹೇಗೆ ಎಳೆದು ತೊಡಬೇಕು, ಬೆಲ್ಟ್‌ನ ಭುಜದ ಪಟ್ಟಿಗಳು ಎಲ್ಲಿ ಸೇರುತ್ತವೆ, ಬಾಗಿಲು ತೆರೆಯದಿದ್ದರೆ ಹೊರಗೆ ಹೋಗುವ ದಾರಿ ಯಾವುದು? ಏರ್‌ಬಸ್ ಎ320ರಲ್ಲಿ ಪಕ್ಕದ ಕಿಟಕಿ ಸರಿಸಿ ಹಗ್ಗ ಹಿಡಿದು ಇಳಿಯಬೇಕು. ಎಟಿಆರ್‌ನಲ್ಲಿ ತಲೆಯ ಮೇಲಿನ ತುರ್ತು ಕಿಂಡಿಯಿಂದ ಹೊರಬರಬೇಕು. ಹೊಗೆ ತುಂಬಿದ ಮೇಲೆ ‘ಮಾಸ್ಕ್ ಎಲ್ಲಿದೆ ಸರ್’ ಎಂದು ಕೇಳುವವರು ಇಬ್ಬರ ಕೆಲಸವನ್ನು ಮೂವರ ಕೆಲಸವಾಗಿಸುತ್ತಾರೆ.

ಹೆಡ್‌ಸೆಟ್ ಹಾಕಿಕೊಂಡು ಶಬ್ದದ ಮಟ್ಟ ಸರಿಪಡಿಸಿಕೊಳ್ಳಿ. ನಿಮ್ಮ ಬದಿಯ ಆಡಿಯೊ ಪ್ಯಾನಲ್‌ನಲ್ಲಿ ರೇಡಿಯೊ ಪ್ರಸಾರದ ಗುಂಡಿ ಒತ್ತಿಲ್ಲವೆಂದು ಎರಡು ಬಾರಿ ನೋಡಿ. ನಿಮ್ಮ ಮೈಕ್ ಅರಿವಿಲ್ಲದೆ ಪ್ರಸಾರಕ್ಕೆ ಸಿಕ್ಕಿಕೊಂಡರೆ ಆ ತರಂಗದಲ್ಲಿ ಇನ್ನಾವ ವಿಮಾನವೂ ಮಾತನಾಡಲಾಗದು. ಮೊಬೈಲ್ ಫ್ಲೈಟ್ ಮೋಡ್‌ಗೆ ಹೋಗಿ ಜೇಬು ಸೇರಲಿ, ಬೆಳಗಿನ ಅಲಾರಂ ಆರಿಸಿದ್ದೀರಾ ಎಂದೂ ನೋಡಿಕೊಳ್ಳಿ. ಕಾಕ್‌ಪಿಟ್‌ನಲ್ಲಿ ಅಪರಿಚಿತ ಸದ್ದು ಬಂದರೆ ಪೈಲಟ್‌ನ ಎದೆ ಧಸಕ್ಕೆನ್ನುತ್ತದೆ. ಅದು ನಿಮ್ಮ ಫೋನ್ ಎಂದು ತಿಳಿಯುವಷ್ಟರಲ್ಲಿ ಅವರ ಕಣ್ಣು ಹತ್ತು ಕಡೆ ಹುಡುಕಿರುತ್ತದೆ.

ನಾಲ್ಕನೆಯ ಹೆಜ್ಜೆ: ಬಾಯಿಗೆ ಬೀಗ, ಯಾವಾಗ ಮತ್ತು ಎಲ್ಲಿಯವರೆಗೆ

1974ರ ಸೆಪ್ಟೆಂಬರ್ 11ರಂದು ಅಮೆರಿಕದ ಶಾರ್ಲಟ್ ಬಳಿ ಮಂಜಿನಲ್ಲಿ ಇಳಿಯುತ್ತಿದ್ದ ಡಿಸಿ-9 ವಿಮಾನದ ಪೈಲಟ್‌ಗಳು ರಾಜಕೀಯ, ಹಳೆಯ ಕಾರುಗಳ ಮಾತಿನಲ್ಲಿ ತೊಡಗಿದ್ದರು. ಎತ್ತರದ ಮೇಲಿನ ನಿಗಾ ತಪ್ಪಿತು. ರನ್‌ವೇಗೆ ಮುಂಚೆಯೇ ವಿಮಾನ ನೆಲಕ್ಕಪ್ಪಳಿಸಿ 72 ಮಂದಿ ಸತ್ತರು. ಇಂಥ ಅಪಘಾತಗಳ ಬೆನ್ನಲ್ಲೇ 1981ರಲ್ಲಿ ಅಮೆರಿಕ ‘ಸ್ಟೆರೈಲ್ ಕಾಕ್‌ಪಿಟ್’ ನಿಯಮ ತಂದಿತು: ನೆಲದ ಮೇಲಿನ ಓಡಾಟ, ಹಾರುವುದು, ಇಳಿಯುವುದು ಮತ್ತು 10,000 ಅಡಿಗಿಂತ ಕೆಳಗಿನ ಹಾರಾಟದಲ್ಲಿ ಕೆಲಸಕ್ಕೆ ಸಂಬಂಧಿಸದ ಮಾತು, ಕೆಲಸ ಎರಡೂ ನಿಷಿದ್ಧ. ಇದೇ ಶಿಸ್ತು ನಮ್ಮ ದೇಶದಲ್ಲೂ ಇದೆ.

ಇದರ ಲೆಕ್ಕವನ್ನು ನಮ್ಮೂರಿಗೆ ಹಾಕಿ ನೋಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ, ಬೆಂಗಳೂರು ಸುಮಾರು 3,000 ಅಡಿ. ಹಾಗಾಗಿ ಹಾರಿದ ಮೇಲೆ 10,000 ಅಡಿ ಬೇಗ ಬಂದುಬಿಡುತ್ತದೆ. ಬಂತೆಂದು ಬಾಯಿ ತೆರೆಯಬೇಡಿ. ಆಗಲೂ ಅವರು ಮೋಡ ತಪ್ಪಿಸುತ್ತಿರಬಹುದು, ಎಟಿಸಿ ಬದಲಾಗುತ್ತಿರಬಹುದು. ಮೊದಲ ಮಾತು ಯಾವಾಗಲೂ ಅವರದಾಗಿರಲಿ. ಅವರು ತಿರುಗಿ ‘ಹೇಗಿದ್ದೀರಿ’ ಎಂದರೆ ಮಾತಾಡಿ. ಎನ್ನದಿದ್ದರೆ ಬೆಂಗಳೂರಿನವರೆಗೆ ಕಿಟಕಿಯಾಚೆ ನೋಡುತ್ತ ಕುಳಿತುಕೊಳ್ಳಿ. ಇಳಿಯುವಾಗಂತೂ 10,000 ಅಡಿಯವರೆಗೂ ಕಾಯುವಂತಿಲ್ಲ. ಅವರು ಇಳಿಯುವ ನಿಲ್ದಾಣದ ಹವಾಮಾನ ಕೇಳಿ ಬರೆದುಕೊಳ್ಳಲು ಶುರುಮಾಡಿದರೆಂದರೆ ಹರಟೆ ಮುಗಿಯಿತು.

ಈ ಕಲೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ನಡುವೆ ನಿಲ್ಲಿಸುವುದು. ನೀವು ಏನೋ ಹೇಳುತ್ತಿದ್ದೀರಿ. ಕ್ಯಾಪ್ಟನ್‌ರ ಎಡಗೈ ಮೆಲ್ಲಗೆ ಹೆಡ್‌ಸೆಟ್‌ನತ್ತ ಹೋಗಿ, ಸರಿಸಿಟ್ಟ ಕಿವಿಯ ಕಪ್ಪನ್ನು ಮತ್ತೆ ಕಿವಿಯ ಮೇಲೆ ತರುತ್ತದೆ. ಅಥವಾ ಸಹಪೈಲಟ್‌ನ ತೋರುಬೆರಳು ಒಂದಿಷ್ಟೇ ಮೇಲೇಳುತ್ತದೆ. ರೇಡಿಯೊದಲ್ಲಿ ಅವರ ವಿಮಾನದ ಸಂಕೇತ ಕೇಳಿಬಂದಿದೆ. ಆ ಕ್ಷಣದಲ್ಲಿ ವಾಕ್ಯದ ಅರ್ಧಕ್ಕೇ ನಿಲ್ಲಿಸಿ. ಕೊನೆಯ ಎರಡು ಪದ ಮುಗಿಸಿಬಿಡುತ್ತೇನೆ ಎಂಬ ಆಸೆ ಬೇಡ. ಎಟಿಸಿ ಹೇಳಿದ ಎತ್ತರದ ಅಂಕಿ ಆ ಎರಡು ಪದಗಳಡಿಯಲ್ಲೇ ಮುಳುಗುತ್ತದೆ. ಮತ್ತೆ ಅವರು ‘ಹಾಂ, ಏನೋ ಹೇಳುತ್ತಿದ್ದಿರಿ’ ಎನ್ನುವವರೆಗೆ ಆ ಮಾತನ್ನು ಎತ್ತಬೇಡಿ. ಮರೆತರೆ ಮರೆತರು.

ನೀವು ಆಡಿದ್ದೆಲ್ಲ ಕಾಕ್‌ಪಿಟ್ ಧ್ವನಿಮುದ್ರಕದಲ್ಲಿ ದಾಖಲಾಗುತ್ತದೆ ಎಂಬುದೂ ನೆನಪಿರಲಿ. ತಲೆಯ ಮೇಲಿನ ಮೈಕ್ ಗೊರಕೆಯನ್ನೂ ಬಿಡುವುದಿಲ್ಲ. ನಿದ್ದೆ ಬರುವಂತಿದ್ದರೆ ಮೊದಲೇ ಕೇಳಿಕೊಳ್ಳಿ. ಏರುವಾಗ, ಇಳಿಯುವಾಗ ಮಾತ್ರ ಎಚ್ಚರವಿರಲೇಬೇಕು.

ಮುಜುಗರ ಹುಟ್ಟಿಸುವ ನಡವಳಿಕೆಗಳು

ನಮ್ಮ ಕಡೆಯವರ ಒಂದು ಒಳ್ಳೆಯ ಗುಣವೇ ಕಾಕ್‌ಪಿಟ್‌ನಲ್ಲಿ ತೊಡಕಾಗುತ್ತದೆ. ಊರವರು ಸಿಕ್ಕರೆ ಮನಸ್ಸು ಬಿಚ್ಚಿಕೊಳ್ಳುತ್ತದೆ. ‘ಯಾವ ಊರು, ಯಾರ ಪೈಕಿ, ನಿಮ್ಮ ಸೋದರಮಾವ ಮುಧೋಳದಲ್ಲಿದ್ದರಲ್ಲವೇ’ ಎಂದು ಬಳ್ಳಿ ಹಬ್ಬುತ್ತದೆ. ಕ್ಯಾಪ್ಟನ್ ವಿಜಯಪುರದವರು, ನೀವು ಇಂಡಿ ಪಟ್ಟಣದವರು, ಫಸ್ಟ್ ಆಫೀಸರ್ ಪಂಜಾಬಿನ ಹುಡುಗಿ ಎಂದಿಟ್ಟುಕೊಳ್ಳಿ. ನೀವಿಬ್ಬರೂ ಕನ್ನಡದಲ್ಲಿ ನಗುತ್ತ ಮಾತಾಡಿದರೆ, ವಿಮಾನದ ಅರ್ಧ ಹೊಣೆ ಹೊತ್ತ ಆಕೆ ತನ್ನದೇ ಕೆಲಸದ ಜಾಗದಲ್ಲಿ ಹೊರಗಿನವಳಾಗುತ್ತಾಳೆ. ಆಮೇಲೆ ಏನಾದರೂ ತಪ್ಪು ಕಂಡರೆ ಆಕೆ ‘ಕ್ಯಾಪ್ಟನ್, ಸ್ಪೀಡ್’ ಎನ್ನಲು ಒಂದು ಕ್ಷಣ ಹಿಂಜರಿದರೂ ಹಿಂಜರಿಯಬಹುದು. ಮೂವರಿಗೂ ತಿಳಿಯುವ ಭಾಷೆಯಲ್ಲಿ ಮಾತಾಡಿ. ಕನ್ನಡದ ಮೇಲಿನ ಪ್ರೀತಿಯನ್ನು ಟರ್ಮಿನಲ್‌ನಲ್ಲಿ ಮನಸಾರೆ ತೋರಿಸೋಣ. ಕ್ಯಾಪ್ಟನ್ ನಿಮ್ಮ ತಂದೆಯ ಗೆಳೆಯರೇ ಆಗಿದ್ದು, ಮನೆಯಲ್ಲಿ ನೀವು ಅವರನ್ನು ‘ಕಾಕಾ’ ಎಂದೇ ಕರೆಯುತ್ತಿದ್ದರೂ, ಬಾಗಿಲು ಮುಚ್ಚಿದ ಮೇಲೆ ಅವರು ‘ಸರ್’ ಅಥವಾ ‘ಕ್ಯಾಪ್ಟನ್’.

ಮಹಿಳಾ ಪೈಲಟ್‌ಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. ಆದರೂ ಹಿಂದೆ ಕುಳಿತವರು ಪ್ರಶ್ನೆಯನ್ನೆಲ್ಲ ಬಲಗಡೆಯ ಗಂಡಸಿಗೇ ಕೇಳುತ್ತಾರೆ, ಎಡಗಡೆ ಕುಳಿತ ಕ್ಯಾಪ್ಟನ್ ಮೇಡಂಗೆ ‘ಮದುವೆ ಆಗಿದೆಯೇ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ’ ಎನ್ನುತ್ತಾರೆ. ಗಂಡಸು ಕ್ಯಾಪ್ಟನ್‌ಗೆ ಕೇಳದ ಪ್ರಶ್ನೆಯನ್ನು ಆಕೆಗೂ ಕೇಳಬೇಡಿ. ಆಕೆಯ ಫೋನ್ ನಂಬರ್ ಕೇಳುವವರು ಆ ಕುರ್ಚಿಗೆ ಯೋಗ್ಯರಲ್ಲ.

ಮುಂದಕ್ಕೆ ಬಾಗುವ ಚಟ ಇನ್ನೊಂದು. ಕುತೂಹಲ ಸಹಜ, ಪರದೆಯ ಮೇಲೆ ಮೋಡದ ಬಣ್ಣ ನೋಡಲು ತಲೆ ತಾನಾಗಿಯೇ ಇಬ್ಬರ ನಡುವೆ ತೂರುತ್ತದೆ. ನಿಮ್ಮ ಉಸಿರು ಕ್ಯಾಪ್ಟನ್‌ರ ಕತ್ತಿಗೆ ತಾಗುತ್ತದೆ, ಮೊಣಕಾಲು ನಡುವಿನ ಪೆಡೆಸ್ಟಲ್‌ಗೆ (ಹಿಡಿಕೆ, ಗುಂಡಿಗಳ ಕಟ್ಟೆಗೆ) ಒತ್ತುತ್ತದೆ, ಮೊಣಕೈ ಯಾವುದೋ ಗುಂಡಿಯ ಹತ್ತಿರ ಹೋಗುತ್ತದೆ. ಬೆನ್ನು ಕುರ್ಚಿಗೆ, ಕೈ ತೊಡೆಯ ಮೇಲೆ. ಏನನ್ನಾದರೂ ತೋರಿಸಬೇಕಾದರೆ ಬಾಯಲ್ಲಿ ಹೇಳಿ, ಬೆರಳು ಚಾಚಬೇಡಿ.

ನೋಟ್‌ಬುಕ್ ತೆಗೆದು ಸದ್ದಿಲ್ಲದೆ ಬರೆಯುವವರನ್ನು ಕಂಡರೆ ಪೈಲಟ್‌ಗಳಿಗೆ ಪರೀಕ್ಷೆ ನಡೆಯುತ್ತಿರುವಂತೆ ಅನಿಸುತ್ತದೆ. ಕಲಿಯಲು ಬರೆಯುತ್ತಿದ್ದರೆ ‘ಸರ್, ಮಾರ್ಗದ ವಿವರ ಬರೆದುಕೊಳ್ಳುತ್ತೇನೆ’ ಎಂದು ಮೊದಲೇ ಹೇಳಿ, ಕೊನೆಗೆ ಆ ಪುಟ ತೋರಿಸಿ. ‘ನಮ್ಮಲ್ಲಿ ಇದನ್ನು ಬೇರೆ ರೀತಿ ಮಾಡುತ್ತೇವೆ’ ಎನ್ನುವ ಹೋಲಿಕೆ, ಸಂಬಳ ಬಡ್ತಿಗಳ ಗೊಣಗಾಟ, ಮೂರನೆಯವರ ಚಾಡಿ, ‘ನನ್ನ ಬಗ್ಗೆ ಮೇಲಿನವರಿಗೆ ಒಂದು ಮಾತು ಹೇಳಿ ಸರ್’ ಎಂಬ ಬೇಡಿಕೆ ಇವು ಯಾವುವೂ ಬೇಡ. ಬೆಲ್ಟ್ ಕಟ್ಟಿ ಕುಳಿತವರಿಗೆ ನಿಮ್ಮಿಂದ ಎದ್ದು ಹೋಗುವ ದಾರಿಯಿಲ್ಲ. ಅದನ್ನು ಬಳಸಿಕೊಳ್ಳುವುದು ಸಣ್ಣತನ.

ಇದರ ತದ್ವಿರುದ್ಧದ ಮುಜುಗರವೂ ಇದೆ. ಕೆಲವು ಹೊಸಬರು ಭಯದಿಂದ ಹೆಸರನ್ನೂ ಸರಿಯಾಗಿ ಹೇಳುವುದಿಲ್ಲ. ಕ್ಯಾಪ್ಟನ್ ನಾಲ್ಕು ಸಲ ಮಾತಿಗೆಳೆದರೂ ‘ಹೂಂ ಸರ್’ ಎನ್ನುತ್ತಾರೆ. ಅಂಥವರು ಏನು ಯೋಚಿಸುತ್ತಿದ್ದಾರೋ ಎಂದು ಮುಂದಿನವರಿಗೆ ಒಂದು ಕಣ್ಣು ಹಿಂದೆಯೇ ಇಟ್ಟಂತಾಗುತ್ತದೆ. ಕೇಳಿದ ಪ್ರಶ್ನೆಗೆ ಎರಡು ವಾಕ್ಯದ ಸ್ಪಷ್ಟ ಉತ್ತರ ಕೊಡಿ, ನೀವೂ ಒಂದು ಒಳ್ಳೆಯ ಪ್ರಶ್ನೆ ಕೇಳಿ. ಮಳೆಗಾಲದಲ್ಲಿ ಸಾಂಬ್ರಾದ ಮೋಡವನ್ನು ಹೇಗೆ ಅಂದಾಜು ಮಾಡುತ್ತೀರಿ ಎಂದು ಕೇಳಿದರೆ ಯಾವ ಹಿರಿಯ ಪೈಲಟ್ಟೂ ಬೇಸರಪಡುವುದಿಲ್ಲ.

ಫೋಟೊ, ವಿಡಿಯೊ ಬೇಡ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ರಕ್ಷಣಾ ನೆಲೆಯ ಚಿತ್ರ ತೆಗೆಯುವುದು ಅಪರಾಧ. ಆಕಾಶದಲ್ಲಿ ತೆಗೆದ ಚಿತ್ರವೂ ಮನೆಯ ವಾಟ್ಸ್ಆ್ಯಪ್ ಗುಂಪಿನಿಂದ ಊರೆಲ್ಲ ಸುತ್ತಿ, ಕೊನೆಗೆ ನೋಟಿಸ್ ಆಗಿ ಬರುವುದು ಕ್ಯಾಪ್ಟನ್‌ರ ಹೆಸರಿಗೆ.

ಕಾಫಿ, ಕುಂದಾ, ರೊಟ್ಟಿಬುತ್ತಿ

ಬೆಳಗಾವಿಯಿಂದ ಹೊರಡುವವರ ಕೈಯಲ್ಲಿ ಕುಂದಾ, ಬಾಗಲಕೋಟೆ ಕಡೆಯವರ ಕೈಯಲ್ಲಿ ಅಮೀನಗಡದ ಕರದಂಟು ಇರುವುದು ಸಹಜ, ಕೊಡುವ ಮನಸ್ಸೂ ಸಹಜ. ಆದರೆ ಹಾರಾಟದ ನಡುವೆ ಡಬ್ಬಿ ಬಿಚ್ಚಿ ಇಬ್ಬರ ಕೈಗೂ ಒಂದೊಂದು ತುಂಡು ಇಡಬೇಡಿ. ಒಂದೇ ಆಹಾರದಿಂದ ಇಬ್ಬರ ಹೊಟ್ಟೆಯೂ ಏಕಕಾಲಕ್ಕೆ ಕೆಡಬಾರದೆಂದು ವಿಮಾನ ಸಂಸ್ಥೆಗಳು ಪೈಲಟ್‌ಗಳಿಗೆ ಬೇರೆ ಬೇರೆ ಊಟ ಕೊಡುತ್ತವೆ. ನಿಮ್ಮ ಪ್ರೀತಿಯ ಕುಂದಾ ಆ ಎಚ್ಚರವನ್ನು ಮುರಿಯುತ್ತದೆ. ಅಂಗಡಿಯ ಮುದ್ರೆ ಒಡೆಯದ ಪೊಟ್ಟಣವನ್ನು ಇಳಿದ ಮೇಲೆ ಕೊಡಿ, ಕ್ಯಾಬಿನ್ ಸಿಬ್ಬಂದಿಗೂ ಸೇರುವಂತೆ ಕೊಡಿ. ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯ ಬುತ್ತಿಯನ್ನು ಮನೆಯಲ್ಲೇ ತಿಂದು ಬನ್ನಿ.

ದ್ರವ ಪದಾರ್ಥದ ವಿಷಯದಲ್ಲಿ ಇನ್ನೂ ಎಚ್ಚರ. 2019ರ ಫೆಬ್ರುವರಿ 6ರಂದು ಫ್ರಾಂಕ್‌ಫರ್ಟ್‌ನಿಂದ ಮೆಕ್ಸಿಕೋದ ಕಾನ್‌ಕುನ್‌ಗೆ ಹೊರಟ ಏರ್‌ಬಸ್ ಎ330ರಲ್ಲಿ ಮುಚ್ಚಳವಿಲ್ಲದ ಲೋಟದ ಕಾಫಿ ಆಡಿಯೊ ಪ್ಯಾನಲ್ ಮೇಲೆ ಚೆಲ್ಲಿತು. ಪ್ಯಾನಲ್ ಬಿಸಿಯಾಗಿ ಸುಟ್ಟ ವಾಸನೆ, ಹೊಗೆ ಬಂದು ವಿಮಾನವನ್ನು ಐರ್ಲೆಂಡ್‌ನ ಶಾನನ್‌ಗೆ ತಿರುಗಿಸಬೇಕಾಯಿತು. ಜಂಪ್‌ಸೀಟ್‌ನಲ್ಲಿದ್ದವರು ಪೈಲಟ್‌ಗಳ ತಲೆಯ ಮೇಲಿಂದ ಲೋಟ ದಾಟಿಸಬಾರದು. ನಿಮಗೆ ಬೇಕಾದರೆ ಮುಚ್ಚಳವಿರುವ ನೀರಿನ ಬಾಟಲಿ ಸಾಕು.

ಮಾತಾಡಲೇಬೇಕಾದ ಕ್ಷಣ

ಇಷ್ಟು ಹೊತ್ತು ಸುಮ್ಮನಿರಿ ಎಂದೆ. ಅಪಾಯ ಕಂಡರೆ ಸುಮ್ಮನಿರುವುದು ಆ ಇಬ್ಬರಿಗೆ ಬಗೆಯುವ ದ್ರೋಹ. ಅವರ ಗಮನ ಒಂದು ಕಡೆ ಸಿಕ್ಕಿಕೊಂಡಾಗ ಇನ್ನೊಂದು ಕಡೆ ನೋಡುತ್ತಿರುವವರು ನೀವೊಬ್ಬರೇ. 2013ರ ಜುಲೈ 6ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಿದ್ದ ಬೋಯಿಂಗ್ 777ರ ಜಂಪ್‌ಸೀಟ್‌ನಲ್ಲಿದ್ದ ಬದಲಿ ಫಸ್ಟ್ ಆಫ‍ೀಸರ್ ‘ಸಿಂಕ್ ರೇಟ್’ (ಇಳಿತದ ವೇಗ ಹೆಚ್ಚು) ಎಂದು ಮತ್ತೆ ಮತ್ತೆ ಎಚ್ಚರಿಸಿದರು. ವಿಮಾನ ಕೊನೆಗೆ ಸಮುದ್ರದ ತಡೆಗೋಡೆಗೆ ಬಡಿದು ಮೂವರು ಸತ್ತರು ನಿಜ, ಆದರೆ ಆ ಕುರ್ಚಿಯಿಂದ ಬರಬೇಕಾದ ಮಾತು ಬಂದಿತ್ತು.

ಹೇಳುವ ರೀತಿ ಹೀಗಿರಲಿ. ಕಂಡದ್ದನ್ನಷ್ಟೇ, ಕಾಕ್‌ಪಿಟ್‌ನ ರೂಢಿಯ ಪದದಲ್ಲಿ, ಗಟ್ಟಿಯಾಗಿ: ‘ಸ್ಪೀಡ್’, ‘ಟ್ರಾಫಿಕ್, ಎಡಗಡೆ’ (ಎಡಕ್ಕೆ ಬೇರೆ ವಿಮಾನವಿದೆ), ‘ಫ್ಲಾಪ್ಸ್’ (ರೆಕ್ಕೆಯ ಹಿಂಬದಿಯ ಪಟ್ಟಿಗಳು). ಕಾರಣ ವಿವರಿಸಬೇಡಿ, ಸಲಹೆ ಕೊಡಬೇಡಿ. ಅವರು ಕೇಳಿಸಿಕೊಂಡಂತೆ ಕಾಣದಿದ್ದರೆ ಇನ್ನೊಮ್ಮೆ, ಇನ್ನಷ್ಟು ಜೋರಾಗಿ. ಅವರಿಗೆ ಮೊದಲೇ ಗೊತ್ತಿದ್ದರೆ ‘ಹೌದು, ನೋಡಿದೆ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಕೈ ಮಾತ್ರ ಎಂದಿಗೂ ಮುಂದೆ ಹೋಗಬಾರದು, ಅವರೇ ಕೇಳಿದ ಹೊರತು.

ಕೇಳಿದಾಗ ಹೇಗಿರಬೇಕೆಂಬುದಕ್ಕೆ 1989ರ ಜುಲೈ 19ಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಡೆನ್ವರ್‌ನಿಂದ ಷಿಕಾಗೋಗೆ ಹೊರಟ ಡಿಸಿ-10ರ ಬಾಲದ ಎಂಜಿನ್ ಸಿಡಿದು ಹೈಡ್ರಾಲಿಕ್ ವ್ಯವಸ್ಥೆಗಳೆಲ್ಲ ಸತ್ತವು; ಚುಕ್ಕಾಣಿಗೆ ವಿಮಾನ ಸ್ಪಂದಿಸುತ್ತಿರಲಿಲ್ಲ. ಅದೇ ಮಾದರಿಯ ತರಬೇತುದಾರರಾದ ಡೆನ್ನಿಸ್ ಫಿಚ್ ಅಂದು ಪ್ರಯಾಣಿಕರಾಗಿ ಹಿಂದೆ ಕುಳಿತಿದ್ದರು. ಅವರು ಕಾಕ್‌ಪಿಟ್‌ಗೆ ನುಗ್ಗಲಿಲ್ಲ. ತಾವು ಇದ್ದೇವೆಂದು ಗಗನಸಖಿಯ ಮೂಲಕ ಹೇಳಿ ಕಳುಹಿಸಿದರು. ಕ್ಯಾಪ್ಟನ್ ಆಲ್ ಹೇನ್ಸ್ ಕರೆಸಿದ ಮೇಲೆ ಹೋಗಿ, ಏನು ಮಾಡಬೇಕೆಂದು ಕೇಳಿ, ಉಳಿದ ಎರಡು ಎಂಜಿನ್‌ಗಳ ಥ್ರಾಟಲ್ (ಶಕ್ತಿ ಏರಿಳಿಸುವ ಹಿಡಿಕೆ) ಹಿಡಿದು ವಿಮಾನವನ್ನು ತಿರುಗಿಸಲು ನೆರವಾದರು. 296 ಜನರಲ್ಲಿ 184 ಮಂದಿ ಬದುಕಿದರು.

ಕ್ಯಾಪ್ಟನ್ ಸೀಟಿನಲ್ಲಿರುವವರಿಗೆ

ಅತಿಥಿ ಬಂದಾಗ ಮೊದಲ ಎರಡು ನಿಮಿಷದಲ್ಲೇ ಹೇಳಿಬಿಡಿ: ‘ಕ್ರೂಸ್‌ನಲ್ಲಿ, ಮೇಲೇರಿ ಸಮವಾಗಿ ಹಾರುವಾಗ, ಮಾತಾಡೋಣ, ಅಲ್ಲಿಯವರೆಗೆ ಮೌನ. ಆದರೆ ಏನಾದರೂ ತಪ್ಪು ಕಂಡರೆ ತಕ್ಷಣ ಹೇಳಿ.’ ಈ ಒಂದು ಮಾತಿನಿಂದ ಹಿಂದೆ ಕುಳಿತ ಹುಡುಗನ ಅರ್ಧ ಗೊಂದಲ ಕರಗುತ್ತದೆ. ಸಹಪೈಲಟ್‌ಗೆ ಒಪ್ಪಿಗೆಯೇ ಎಂದು ಅತಿಥಿಯ ಎದುರಿಗಲ್ಲ, ಮುಂಚೆಯೇ ಕೇಳಿ. ಮಾತು ಅತಿಯಾದರೆ ‘ಈಗ ಸ್ವಲ್ಪ ಕೆಲಸವಿದೆ’ ಎಂದು ಶಾಂತವಾಗಿ ಹೇಳಿ. ಮುನಿಸಿಕೊಂಡು ಸಹಿಸುತ್ತ ಕೂರುವುದೂ ಗಮನ ಕೆಡಿಸುತ್ತದೆ. ಅತಿಥಿಯ ನಡವಳಿಕೆಯಲ್ಲಿ ಸಂಶಯ ಬಂದರೆ ಹೊರಡುವ ಮುಂಚೆ ಇಳಿಸಿ. ಯಾವ ಸಂಕೋಚವೂ ಬೇಡ.

ಕೊನೆಯ ಹೆಜ್ಜೆ: ಇಳಿಯುವುದು

ಚಕ್ರ ನೆಲ ಮುಟ್ಟಿದ್ದು ಜೋರಾಗಿದ್ದರೂ ಮೃದುವಾಗಿದ್ದರೂ ಅದರ ಬಗ್ಗೆ ಏನೂ ಹೇಳಬೇಡಿ. ‘ಸ್ವಲ್ಪ ಗಟ್ಟಿಯಾಗಿ ಕೂತಿತಲ್ಲ ಸರ್’ ಎಂದರೆ ನೋಯುತ್ತದೆ. ‘ಅದ್ಭುತ ಲ್ಯಾಂಡಿಂಗ್’ ಎಂದು ರನ್‌ವೇ ಮೇಲೆಯೇ ಹೊಗಳಿದರೆ ಅವರ ಮನಸ್ಸು ಟ್ಯಾಕ್ಸಿವೇ ಬಿಟ್ಟು ಆ ಕಡೆ ಹೊರಳುತ್ತದೆ. ಎಂಜಿನ್ ನಿಂತು, ಪಾರ್ಕಿಂಗ್ ಚೆಕ್‌ಲಿಸ್ಟ್ ಮುಗಿದು, ಅವರ ಭುಜದ ಪಟ್ಟಿ ಕಳಚುವವರೆಗೆ ಬೆಲ್ಟ್ ಬಿಚ್ಚಬೇಡಿ. ಆಮೇಲೆ ಹೆಡ್‌ಸೆಟ್ ಅದರ ಕೊಕ್ಕೆಗೆ, ಬೆಲ್ಟ್‌ಗಳನ್ನು ಸುತ್ತಿ ಜಾಗಕ್ಕೆ, ಕುರ್ಚಿ ಮಡಚಿ ಗೋಡೆಗೆ. ನಿಮ್ಮ ಕಾಗದ, ಬಾಟಲಿ ನಿಮ್ಮ ಕೈಯಲ್ಲಿ. ಇಬ್ಬರಿಗೂ ಹೆಸರು ಹಿಡಿದು ಧನ್ಯವಾದ ಹೇಳಿ, ಬಾಗಿಲ ಬಳಿಯ ಕ್ಯಾಬಿನ್ ಸಿಬ್ಬಂದಿಗೂ ಹೇಳಿ. ಮುಂದಿನ ಹಾರಾಟಕ್ಕೆ ಅವರು ಆಗಲೇ ಸಿದ್ಧತೆ ಶುರುಮಾಡಿರುತ್ತಾರೆ. ಮಾತು ಬೆಳೆಸದೆ ಹೊರಟುಬಿಡಿ. ಕುಂದಾದ ಪೊಟ್ಟಣವನ್ನು ಗ್ಯಾಲಿಯಲ್ಲಿ (ವಿಮಾನದ ಅಡುಗೆ ಜಾಗದಲ್ಲಿ) ಕೊಟ್ಟು, ಯಾರ ಯಾರ ಪಾಲಿಗೆಂದು ಮೇಲೆ ಬರೆದಿಡಿ.